ತೊಗರಿ ಧೂಳು, ಮಳೆ ನೀರು ಮತ್ತು ಫ್ಯಾನಿನ ಮೇಲಿನ ಎರಡು ಅಂಕಿ

ನವೆಂಬರಿನಲ್ಲಿ ಶುರುವಾದ ನಮ್ಮ ದಾಲ್ ಮಿಲ್ಲಿನ ಎಕ್ಸಾಸ್ಟ್ ಫ್ಯಾನಿನ ಕಥೆ ಜೂನಿನಲ್ಲಿ ಮುಗಿಯಿತು. ನಡುವೆ ಮೂರು ಮೋಟರ್ ಸುಟ್ಟವು, ಮೂರು ಚೀಲ ಬೇಳೆ ನೆನೆಯಿತು, ಕಾಕಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು. ಇದೆಲ್ಲ ಆಗಿದ್ದು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಫ್ಯಾನಿನ ಮೇಲೆ ಬರೆದಿರುವ ಎರಡೇ ಎರಡು ಅಂಕಿ ನನಗೆ ಓದಲು ಬರದೆ. ಕಲಬುರಗಿ ಸುತ್ತಮುತ್ತ ದಾಲ್ ಮಿಲ್ಲು, ಹಿಟ್ಟಿನ ಗಿರಣಿ, ಖಾರದ ಪುಡಿ ಮಷಿನ್ ಇಟ್ಟುಕೊಂಡವರು ಜಾಸ್ತಿ. ಯಾರಿಗಾದರೂ ಉಪಯೋಗ ಆದೀತು ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಹುಮನಾಬಾದ್ ರಸ್ತೆ ಕಡೆ, ಕಪನೂರದ ಹತ್ತಿರ ಇರುವ ಚಿಕ್ಕ ಮಿಲ್ಲು. ಕಾಕಾ ಮಷಿನ್ ನೋಡಿಕೊಳ್ಳುತ್ತಾರೆ, ನಾನು ಲೆಕ್ಕ ಮತ್ತು ಖರೀದಿ. ತೊಗರಿ ಬೇಳೆ ಮಾಡುವುದು ಹೊರಗಿನಿಂದ ನೋಡಿದವರಿಗೆ ಸುಲಭ ಅನಿಸುತ್ತದೆ. ಕಾಳನ್ನು ರೋಲರಿಗೆ ಹಾಕಿ ಸಿಪ್ಪೆಗೆ ಗೀರು ಬೀಳಿಸಬೇಕು, ಎಣ್ಣೆ ಹಚ್ಚಬೇಕು, ನೀರು ಚಿಮುಕಿಸಬೇಕು, ಅಂಗಳದ ಶಹಾಬಾದ್ ಫರಸಿ ಮೇಲೆ ಹರಡಿ ಒಣಗಿಸಬೇಕು, ಮತ್ತೆ ರೋಲರಿಗೆ ಹಾಕಬೇಕು. ಆಮೇಲೆ ಬೇಳೆ ಒಂದು ಕಡೆ, ಹೊಟ್ಟು ಒಂದು ಕಡೆ, ನುಚ್ಚು, ದನದ ಮೇವಿಗೆ ಹೋಗುವ ಚುನ್ನಿ ಇನ್ನೊಂದು ಕಡೆ. ಯಾವ ಕಡೆಗೂ ಸೇರದೆ ಉಳಿಯುವುದು ಧೂಳು. ಕಂದು ಬಣ್ಣ, ಟಾಲ್ಕಂ ಪೌಡರಿನಷ್ಟು ಸಣ್ಣ, ಎಣ್ಣೆ ಹಚ್ಚಿದ ಕಾಳಿನದ್ದಾದ್ದರಿಂದ ಸ್ವಲ್ಪ ಜಿಡ್ಡು. ಕೂತಲ್ಲಿ ಅಂಟಿಕೊಳ್ಳುತ್ತದೆ. ಸಂಜೆ ಮನೆಗೆ ಹೋಗಿ ಮುಖ ತೊಳೆದರೆ ಬಚ್ಚಲಿನ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ.

ಡಿಸೆಂಬರಿನಲ್ಲಿ ಹೊಸ ತೊಗರಿ ಬರುವ ಮುಂಚೆ ಶೆಡ್ಡಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸೋಣ ಅಂತ ಕಾಕಾ ಹೇಳಿದರು. ನಾನು ಸೂಪರ್ ಮಾರ್ಕೆಟ್ ಕಡೆ ಹೋಗಿ, ಒಂದು ಅಂಗಡಿಯಲ್ಲಿ 12 ಇಂಚಿನ ನಾಲ್ಕು ಫ್ಯಾನು ತಂದೆ. ಒಂದಕ್ಕೆ 2,350 ರೂಪಾಯಿ, ನಾಲ್ಕಕ್ಕೆ 9,400. ಡಬ್ಬದ ಮೇಲೆ ನೀರಿನ ಹನಿಗಳ ಚಿತ್ರ ಇತ್ತು, ಐಪಿಎಕ್ಸ್4 ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಇದೇನು ಅಂತ ಕೇಳಿದೆ. "ನಾಕು ಅಂದ್ರ ಛಲೋ ಅದ ಅಂತ್ರಿ. ಮಳಿ, ಧೂಳ್, ಎಲ್ಲಾಕ್ಕೂ ನಡೀತದ" ಅಂದರು ಅಂಗಡಿಯವರು. ನಂಬಿದೆ. ಅವರು ಬೇಕಂತಲೇ ಸುಳ್ಳು ಹೇಳಿದರು ಅಂತ ನನಗೆ ಈಗಲೂ ಅನಿಸುವುದಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಷ್ಟೇ.

ಜನವರಿ ಕೊನೆಯಲ್ಲಿ ಮೊದಲನೆಯದು ನಿಂತಿತು. ರೋಲರ್ ಪಕ್ಕದ ಗೋಡೆಯದ್ದು. ಫೆಬ್ರವರಿಯಲ್ಲಿ ಎರಡನೆಯದು. ಸೀಸನ್ ಜೋರಾಗಿತ್ತು, ಗಂಜ್ ಮಾರುಕಟ್ಟೆಯಿಂದ ದಿನಾ ಮಾಲು ಬರುತ್ತಿತ್ತು, ಮಿಲ್ ನಿಲ್ಲಿಸುವ ಹಾಗಿರಲಿಲ್ಲ. ಎರಡನ್ನೂ ಬಿಚ್ಚಿ ವೈಂಡಿಂಗ್ ಮಾಡುವ ಚಾಚಾ ಹತ್ತಿರ ಒಯ್ದೆ. ಅವರು ಮೋಟರಿನ ಮುಚ್ಚಳ ತೆಗೆದರು. ಒಳಗೆ ತಾಮ್ರದ ತಂತಿಯೇ ಕಾಣಲಿಲ್ಲ. ಕಂಬಳಿ ತುಂಡೊಂದನ್ನು ಒಳಗೆ ತುರುಕಿದ ಹಾಗಿತ್ತು. ಚಾಚಾ ಸ್ಕ್ರೂ ಡ್ರೈವರಿನ ತುದಿಯಿಂದ ಅದನ್ನು ಎಬ್ಬಿಸಿದರು, ಪದರ ಪದರವಾಗಿ ಮೇಲೆದ್ದಿತು. ತೊಗರಿ ಧೂಳು, ಎಣ್ಣೆ ಜಿಡ್ಡಿಗೆ ಮೆತ್ತಿ, ಬಿಸಿಗೆ ಬೆಂದು ಗಟ್ಟಿಯಾಗಿತ್ತು. ಸುಟ್ಟ ವಾರ್ನಿಶ್ ವಾಸನೆಯ ಜೊತೆ ಹುರಿದ ಬೇಳೆಯ ವಾಸನೆ.

"ಏನ್ರೀ ಸಾವ್ಕಾರ್ರೆ, ಮೋಟರ್ನಾಗ ಬ್ಯಾಳಿ ಬೇಯ್ಸಲತ್ತೀರೇನು?" ಅಂದರು ಚಾಚಾ. ಆಗ ನಗು ಬರಲಿಲ್ಲ.

ಒಂದಕ್ಕೆ 900ರ ಹಾಗೆ ಎರಡಕ್ಕೂ ವೈಂಡಿಂಗ್ ಮಾಡಿಸಿದೆ. ಇದು ನನ್ನ ಎರಡನೇ ತಪ್ಪು. ವಾರಂಟಿ ಇರುವಾಗ ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ ಅಂತ ಕಾರ್ಡಿನಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ವೈಂಡಿಂಗ್ ಆದವು ಒಂದು ತಿಂಗಳು ನಡೆದು ಮತ್ತೆ ಸುಟ್ಟವು. ಅಷ್ಟರಲ್ಲಿ ಮೂರನೆಯದೂ ನಿಂತಿತು. ಅದನ್ನು ಬಿಚ್ಚದೆ ಹಾಗೇ ಇಟ್ಟು ಕಂಪನಿಗೆ ದೂರು ಕೊಟ್ಟೆ. ಬಿಲ್ಲು, ವಾರಂಟಿ ಕಾರ್ಡು, ಸೀರಿಯಲ್ ನಂಬರಿನ ಫೋಟೊ, ಫ್ಯಾನು ಗೋಡೆಯಲ್ಲಿರುವ ಫೋಟೊ, ಎಲ್ಲ ಕೇಳಿದರು. ಎಲ್ಲ ಕಳಿಸಿದೆ. ಸರ್ವಿಸ್ ಹುಡುಗ ಬರಲು 17 ದಿನ ಹಿಡಿಯಿತು. ಶರಣಬಸವೇಶ್ವರ ಜಾತ್ರೆ ನಡುವೆ ಬಂತು ಅಂತ ನಾವೂ ಜಾಸ್ತಿ ಗಲಾಟೆ ಮಾಡಲಿಲ್ಲ.

ಹುಡುಗ ಒಳ್ಳೆಯವನು. ಬಂದ, ಶೆಡ್ಡಿನ ಒಳಗೆ ಒಂದು ಸುತ್ತು ಕಣ್ಣಾಡಿಸಿದ, ಫ್ಯಾನಿನ ಕವರ್ ತೆಗೆದು ಫೋಟೊ ಹೊಡೆದ. ಧೂಳು ಹೊಕ್ಕಿದೆ, ಮನೆ ಬಳಕೆಯ ಫ್ಯಾನನ್ನು ಗಿರಣಿಯಲ್ಲಿ ಬಳಸಲಾಗಿದೆ, ವಾರಂಟಿ ಇಲ್ಲ ಅಂತ ಹಾಳೆಯಲ್ಲಿ ಬರೆದು ನನ್ನ ಸಹಿ ತೆಗೆದುಕೊಂಡ. ನಾನು ಡಬ್ಬ ತಂದು ತೋರಿಸಿ ಜಗಳಕ್ಕೆ ನಿಂತೆ. ಅವನು ಐಪಿಎಕ್ಸ್4 ಅನ್ನುವುದರ ಮೇಲೆ ಬೆರಳಿಟ್ಟ.

"ಅಣ್ಣಾರೆ, ಈ ನಾಕು ನೀರಿಂದು. ಧೂಳಿನ ನಂಬರ್ ಇರೋ ಜಾಗದಾಗ ಎಕ್ಸ್ ಅದ ನೋಡ್ರಿ. ಧೂಳಿನ ಬಗ್ಗೆ ಅವ್ರು ಏನೂ ಹೇಳೇ ಇಲ್ಲ ಅಂತ ಅರ್ಥ."

ನಾನು ಆ ಡಬ್ಬವನ್ನು ನವೆಂಬರಿನಿಂದ ನೋಡುತ್ತಿದ್ದೆ. ಎಕ್ಸ್ ಅನ್ನುವುದು ಯಾವುದೋ ಮಾಡೆಲ್ ಹೆಸರು ಅಂದುಕೊಂಡಿದ್ದೆ.

ಆ ರಾತ್ರಿ ಕೂತು ಓದಲು ಶುರು ಮಾಡಿದೆ. ಆಮೇಲೆ ಗೊತ್ತಾದದ್ದನ್ನೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕು. ಐಪಿ ಅಂದರೆ ವಸ್ತುವಿನ ಒಳಕ್ಕೆ ಹೊರಗಿನದ್ದು ಹೊಗದಂತೆ ಎಷ್ಟು ರಕ್ಷಣೆ ಇದೆ ಅನ್ನುವ ಗುರುತು. ಐಇಸಿ 60529 ಅನ್ನುವ ಅಂತರರಾಷ್ಟ್ರೀಯ ಮಾನಕದಿಂದ ಬಂದದ್ದು. ನಮ್ಮ ದೇಶದಲ್ಲಿ ಅದನ್ನೇ ಐಎಸ್/ಐಇಸಿ 60529 ಅಂತ ಒಪ್ಪಿಕೊಂಡಿದ್ದಾರೆ. ಐಪಿ ಆದ ಮೇಲೆ ಬರುವ ಮೊದಲನೇ ಅಂಕಿ ಗಟ್ಟಿ ವಸ್ತು ಮತ್ತು ಧೂಳಿನದ್ದು, 0ಯಿಂದ 6ರವರೆಗೆ. ಎರಡನೆಯದು ನೀರಿನದ್ದು, 0ಯಿಂದ 9ರವರೆಗೆ. ಎರಡೂ ಬೇರೆ ಬೇರೆ ಪರೀಕ್ಷೆ. 55 ಅನ್ನುವುದನ್ನು ಐವತ್ತೈದು ಅಂತ ಓದಬಾರದು, ಐದು ಮತ್ತು ಐದು ಅಂತ ಓದಬೇಕು. ಈ ಒಂದು ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಆಯಿತು. ಕಾಕಾ ಇವತ್ತಿಗೂ ಐವತ್ತೈದು ಅಂತಲೇ ಅನ್ನುತ್ತಾರೆ, ಅದು ಬೇರೆ ಮಾತು.

ಮೊದಲನೇ ಅಂಕಿ 1 ಇದ್ದರೆ 50 ಎಂಎಂ ದಪ್ಪದ್ದು ಒಳಗೆ ಹೋಗದು, 2 ಇದ್ದರೆ 12.5 ಎಂಎಂ, ಅಂದರೆ ಬೆರಳು ಹೋಗದು. 3 ಇದ್ದರೆ 2.5 ಎಂಎಂ, 4 ಇದ್ದರೆ 1 ಎಂಎಂ ತಂತಿಯೂ ಹೋಗದು. ಇಲ್ಲಿಯವರೆಗೆ ಧೂಳಿನ ಮಾತೇ ಇಲ್ಲ ಅನ್ನುವುದನ್ನು ಗಮನಿಸಿ. ಧೂಳು ಶುರುವಾಗುವುದೇ 5ರಿಂದ. 5 ಅಂದರೆ ಸ್ವಲ್ಪ ಧೂಳು ಹೋಗಬಹುದು, ಆದರೆ ಕೆಲಸ ಕೆಡಿಸುವಷ್ಟು ಅಲ್ಲ. 6 ಅಂದರೆ ಧೂಳು ಒಳಗೆ ಹೋಗಲೇಬಾರದು. ಪರೀಕ್ಷೆಯನ್ನು ಟಾಲ್ಕಂ ಪೌಡರಿನಲ್ಲೇ ಮಾಡುತ್ತಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ, ಒಂದು ಘನ ಮೀಟರ್ ಜಾಗಕ್ಕೆ 2 ಕಿಲೋ ಲೆಕ್ಕದಲ್ಲಿ ಪೌಡರ್ ಹಾಕಿ ಗಾಳಿಯಲ್ಲಿ ತೇಲಿಸುತ್ತಾರೆ, 8 ಗಂಟೆವರೆಗೂ ಇಡುತ್ತಾರೆ. ಇದನ್ನು ಹೇಳಿದಾಗ ಕಾಕಾ, "ಮುಖಕ್ಕ ಹಚ್ಗೊಳ್ಳೋ ಪೌಡರ್ರಾ? ನಮ್ಮ ರೋಲರ್ ಬಾಜೂಕ ತಂದು ನಿಲ್ಸಂತ ಹೇಳು" ಅಂದರು. ಮಾತು ಸುಳ್ಳಲ್ಲ. ಲ್ಯಾಬಿನ ಪೌಡರ್ ಒಣಗಿದ್ದು, ನಮ್ಮದು ಜಿಡ್ಡಿನದ್ದು. ಅಲ್ಲಿ 8 ಗಂಟೆ, ಇಲ್ಲಿ ಇಡೀ ಸೀಸನ್.

ನೀರಿನ ಕಡೆ: 1 ಮೇಲಿನಿಂದ ನೇರ ಬೀಳುವ ಹನಿ, 2 ಫ್ಯಾನು ಸ್ವಲ್ಪ ವಾಲಿದಾಗಲೂ ಹನಿ, 3 ಓರೆ ಸಿಂಪರಣೆ, 4 ಎಲ್ಲ ಕಡೆಯಿಂದ ಎರಚಿದ ನೀರು. 5 ಅಂದರೆ ಪೈಪಿನ ನೀರು, ನಿಮಿಷಕ್ಕೆ 12.5 ಲೀಟರ್. 6 ಅಂದರೆ ಜೋರು ಪೈಪು, ನಿಮಿಷಕ್ಕೆ 100 ಲೀಟರ್. 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತೊಂದರೆ ಆಗಬಾರದು. 8 ಅದಕ್ಕಿಂತ ಕಠಿಣ. 9 ಬಿಸಿ ನೀರನ್ನು ಭಾರಿ ಒತ್ತಡದಲ್ಲಿ ಹೊಡೆಯುವುದು. ಇಲ್ಲೊಂದು ತಿರುವು ಇದೆ. 7 ಪಾಸಾದದ್ದು 5, 6 ಪಾಸಾಗಿದೆ ಅಂತ ಅಲ್ಲ. ಮುಳುಗಿಸುವುದೇ ಬೇರೆ, ಪೈಪಿನಿಂದ ಹೊಡೆಯುವುದೇ ಬೇರೆ. ಎರಡೂ ಪಾಸಾಗಿದ್ದರೆ ಎರಡನ್ನೂ ಬರೆಯಬೇಕು.

ಏಪ್ರಿಲ್ ಮೊದಲ ವಾರ ಮತ್ತೆ ಅಂಗಡಿಗಳನ್ನು ಸುತ್ತಿದೆ. ಈ ಸಲ ಸ್ವಲ್ಪ ಜಂಬದಿಂದಲೇ ಹೋದೆ ಅನ್ನಿ. ಒಬ್ಬರು ಐಪಿ44 ತೋರಿಸಿ ಇದು ಇಂಡಸ್ಟ್ರಿಯಲ್ ಅಂದರು. 1 ಎಂಎಂ ತಂತಿ ತಡೆಯುವ ಫ್ಯಾನು ತೊಗರಿ ಧೂಳನ್ನು ಹೇಗೆ ತಡೆಯುತ್ತದೆ? ಬೇಡ ಅಂದೆ. ಇನ್ನೊಬ್ಬರು ಬ್ರ್ಯಾಂಡೇ ಇಲ್ಲದ ಫ್ಯಾನೊಂದಕ್ಕೆ ಐಪಿ68 ಅಂತ ಸ್ಟಿಕ್ಕರ್ ಅಂಟಿಸಿದ್ದರು, ಬೆಲೆ 3,800. ಮೋಟರಿನ ಹಿಂಭಾಗದಲ್ಲಿ ಗಾಳಿ ಹೋಗುವ ತೂತುಗಳು ಎದ್ದು ಕಾಣುತ್ತಿದ್ದವು. ತೂತಿರುವ ಮೋಟರು ನೀರಲ್ಲಿ ಮುಳುಗಿ ಬದುಕುವುದು ಹೇಗೆ ಅಂತ ಕೇಳಿದ್ದಕ್ಕೆ ಅವರು ಸ್ಟಿಕ್ಕರನ್ನೇ ಮತ್ತೊಮ್ಮೆ ತೋರಿಸಿದರು. ಅಂಗಡಿಗೆ ಹೋಗುವವರು ಇದೊಂದನ್ನು ಕಣ್ಣಲ್ಲೇ ನೋಡಬಹುದು. 5, 6 ಅಂತ ಬರೆದ ಮೋಟರಿನ ಮೈ ಪೂರ್ತಿ ಮುಚ್ಚಿರಬೇಕು, ಸಾಮಾನ್ಯವಾಗಿ ಹೊರಗೆ ಎರಕದ ಪಟ್ಟಿಗಳು ಇರುತ್ತವೆ, ತಂಪಾಗುವುದು ಅವುಗಳಿಂದ.

ಕೊನೆಗೆ ಹೈದರಾಬಾದಿನ ಒಬ್ಬ ಡೀಲರ್ ಹತ್ತಿರ 18 ಇಂಚಿನ ಐಪಿ55 ಫ್ಯಾನಿಗೆ ಕೊಟೇಶನ್ ತರಿಸಿದೆ. ನಮ್ಮ ಶೆಡ್ಡು 40 ಅಡಿ ಉದ್ದ, 25 ಅಡಿ ಅಗಲ, 15 ಅಡಿ ಎತ್ತರ. ಅಂದರೆ 15,000 ಘನ ಅಡಿ, ಸುಮಾರು 425 ಘನ ಮೀಟರ್. ಗಂಟೆಗೆ 20 ಸಲ ಗಾಳಿ ಬದಲಾಗಲಿ ಅಂದರೆ 8,500 ಘನ ಮೀಟರ್ ಬೇಕು. ಒಂದು ಫ್ಯಾನು ಗಂಟೆಗೆ 4,500 ಎಳೆಯುತ್ತದೆ ಅಂತ ಡೇಟಾ ಶೀಟಿನಲ್ಲಿತ್ತು, ಎರಡು ಸಾಕು. ಕೆಲವರು ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಅಂತ ಹೇಳುತ್ತಾರೆ, ಅದನ್ನು 1.7ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಘನ ಮೀಟರ್ ಅಂತ ಸಿಗುತ್ತದೆ. ಬೆಲೆ ಒಂದಕ್ಕೆ 11,200. ಕಾಕಾಗೆ ಹೇಳಿದಾಗ ಚಹಾದ ಕಪ್ಪನ್ನು ಕೆಳಗಿಟ್ಟರು. "ಫ್ಯಾನಿಗಾ?"

ಐಪಿ65ಕ್ಕೂ ಬೆಲೆ ಕೇಳಿದ್ದೆ, ಬಹಳ ಜಾಸ್ತಿ ಇತ್ತು. ಬೇಕಾ ಅಂತ ಒಂದು ವಾರ ಯೋಚಿಸಿದೆ. ಕಡೆಗೆ ಬೇಡ ಅನಿಸಿತು. ನಮ್ಮ ರೋಲರಿಗೆ ಸೈಕ್ಲೋನ್ ಇದೆ, ಅಂದರೆ ಗಾಳಿಯನ್ನು ಸುತ್ತಿಸಿ ಧೂಳನ್ನು ಬೇರೆ ಮಾಡುವ ಸಾಧನ, ಧೂಳಿನ ದೊಡ್ಡ ಪಾಲು ಹುಟ್ಟಿದ ಕಡೆಯೇ ಅದರೊಳಗೆ ಹೋಗುತ್ತದೆ. ಗೋಡೆಯ ಫ್ಯಾನಿಗೆ ಬರುವುದು ಉಳಿದದ್ದು. ಸೈಕ್ಲೋನ್ ಇಲ್ಲದವರು ಫ್ಯಾನಿನಿಂದಲೇ ಧೂಳು ಓಡಿಸುತ್ತೇವೆ ಅಂತ ಹೊರಟರೆ ಮೋಟರೂ ಹೋಗುತ್ತದೆ, ಪಕ್ಕದವರ ಅಂಗಳವೂ ಹಾಳಾಗುತ್ತದೆ. ದುಡ್ಡು ಇದ್ದರೆ ಮೊದಲು ಅಲ್ಲಿ ಹಾಕಿ.

ಡೀಲರನ್ನು ಇನ್ನೊಂದು ಪ್ರಶ್ನೆ ಕೇಳಿದೆ, ಇದನ್ನು ಕೇಳಲು ಹೇಳಿಕೊಟ್ಟದ್ದು ವೈಂಡಿಂಗ್ ಚಾಚಾ. ಎಷ್ಟು ಬಿಸಿಲಿಗೆ ಈ ಮೋಟರ್ ಮಾಡಿದ್ದಾರೆ? ಸಾಮಾನ್ಯವಾಗಿ ಮೋಟರುಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಅಂತ ಇಟ್ಟುಕೊಂಡು ಮಾಡುತ್ತಾರೆ. ಕಲಬುರಗಿಯ ಮೇ ತಿಂಗಳು ಅವರಿಗೆ ಗೊತ್ತಿಲ್ಲವಲ್ಲ. ತಗಡಿನ ಕೆಳಗೆ, ಗೋಡೆಯ ಎತ್ತರದಲ್ಲಿ ಬಿಸಿ ಇನ್ನೂ ಜಾಸ್ತಿ. ಮೈ ಪೂರ್ತಿ ಮುಚ್ಚಿದ ಮೋಟರಿಗೆ ಒಳಗಿನ ಬಿಸಿ ಹೊರಗೆ ಹೋಗಲು ಮೈಯೊಂದೇ ದಾರಿ, ಅದರ ಮೇಲೆ ಧೂಳು ಕೂತರೆ ರಗ್ಗು ಹೊದಿಸಿದ ಹಾಗೆ. ಅದಕ್ಕೆ ಎಫ್ ಕ್ಲಾಸ್ ಇನ್ಸುಲೇಶನ್ ಇರುವುದನ್ನೇ ಕೇಳಿದೆ. ಅದು 155 ಡಿಗ್ರಿವರೆಗೆ ತಾಳುತ್ತದೆ, ಬಿ ಕ್ಲಾಸ್ ಆದರೆ 130. ಬಿಸಿ ಜಾಸ್ತಿಯಾದರೆ ತಾನೇ ನಿಲ್ಲುವ ಥರ್ಮಲ್ ಕಟ್ಟೂ ಇರಲಿ ಅಂದೆ.

ಆಮೇಲೆ ಶುರುವಾಯಿತು ಕಾಗದದ ಕಾಟ. ಒಮ್ಮೆ ಸುಟ್ಟುಕೊಂಡವನು ನಾನು, ಬರೀ ಬಾಯಿ ಮಾತು ಬೇಡ, ಪರೀಕ್ಷಾ ವರದಿ ಕಳಿಸಿ ಅಂದೆ. ಡೀಲರಿಗೆ ಯಾರೂ ಅದನ್ನು ಕೇಳಿರಲಿಲ್ಲ ಅಂತ ಕಾಣುತ್ತದೆ. ಇವತ್ತು, ನಾಳೆ, ಕಂಪನಿಯವರು ರಜೆ, ಅಂತ 19 ದಿನ ಹೋಯಿತು. ಬಂದ ವರದಿ ಬೇರೆ ಮಾಡೆಲ್ಲಿನದ್ದು, 12 ಇಂಚಿನ ಫ್ಯಾನಿನ ಸಣ್ಣ ಮೋಟರ್. ವಾಪಸ್ ಕಳಿಸಿದೆ. ಎರಡನೆಯದು ಬಂದಾಗ ಅದರಲ್ಲಿ 60529 ಅನ್ನುವ ನಂಬರೇ ಇಲ್ಲ, 60034-5 ಅಂತ ಇದೆ. ಮೋಸ ಅಂತ ತಿಳಿದು ಡೀಲರಿಗೆ ಫೋನ್ ಮಾಡಿ ನಾಲ್ಕು ಮಾತು ಜಾಸ್ತಿಯೇ ಆಡಿಬಿಟ್ಟೆ. ಆಮೇಲೆ ಗೊತ್ತಾಯಿತು, ತಿರುಗುವ ಮೋಟರುಗಳ ಐಪಿಗೆ ಬೇರೆಯೇ ಮಾನಕ ಇದೆ, ಅದರ ನಂಬರೇ ಐಇಸಿ 60034-5. ಮೋಟರಿನ ವರದಿಯಲ್ಲಿ ಅದು ಇರುವುದೇ ಸರಿ. ಫೋನ್ ಮಾಡಿ ಕ್ಷಮೆ ಕೇಳಿದೆ. ವರದಿ ಕೈಗೆ ಬಂದರೆ ಮಾಡೆಲ್ ನಂಬರ್ ನಿಮ್ಮ ಕೊಟೇಶನ್ನಿನದ್ದೇ ಇದೆಯಾ, ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಆ ಲ್ಯಾಬಿಗೆ ಇದೆಯಾ, ಎರಡೂ ಅಂಕಿ ಬರೆದಿದ್ದಾರಾ ಅಂತ ನೋಡಿಕೊಳ್ಳಿ. ಮತ್ತೆ ಮುಖ್ಯವಾಗಿ, ಆ ಅಂಕಿ ಯಾವ ಭಾಗಕ್ಕೆ ಅಂತ. ನಮ್ಮದರಲ್ಲಿ ಮೋಟರು ಮತ್ತು ವೈರ್ ಕೂಡಿಸುವ ಡಬ್ಬಿ ಎರಡಕ್ಕೂ 55 ಇತ್ತು. ಜೊತೆಗೆ ಕೊಡುತ್ತೇನೆ ಅಂದಿದ್ದ ಸ್ಪೀಡ್ ರೆಗ್ಯುಲೇಟರಿಗೆ ಏನೂ ಇರಲಿಲ್ಲ. ಅದನ್ನು ಬಿಟ್ಟೆ, ಸ್ವಿಚ್ಚನ್ನು ಆಫೀಸ್ ರೂಮಿನೊಳಗೆ ಹಾಕಿಸಿದೆ.

ಇಲ್ಲೊಂದು ಮಾತು ಬೇರೆಯಾಗಿ ಹೇಳಬೇಕು, ಇದು ದುಡ್ಡಿನ ವಿಷಯ ಅಲ್ಲ. ಬೇಳೆಯ ಧೂಳು, ಹಿಟ್ಟಿನ ಧೂಳು ಗಾಳಿಯಲ್ಲಿ ದಟ್ಟವಾಗಿ ತುಂಬಿದಾಗ ಕಿಡಿ ಸಿಕ್ಕರೆ ಸ್ಫೋಟ ಆಗಬಹುದು. ಐಪಿ ಅಂಕಿ ಎಷ್ಟೇ ದೊಡ್ಡದಿರಲಿ, ಅದು ಸ್ಫೋಟ ಆಗದು ಅನ್ನುವ ಗ್ಯಾರಂಟಿ ಅಲ್ಲ. ಅಂಥ ಜಾಗಕ್ಕೆ ಇಎಕ್ಸ್ ಗುರುತಿನ ಸಾಮಾನೇ ಬೇರೆ ಇದೆ, ಅದರ ಪರೀಕ್ಷೆಯೇ ಬೇರೆ. ನಮ್ಮ ಚುನ್ನಿ ತುಂಬುವ ಮುಚ್ಚಿದ ಕೋಣೆಗೆ ಫ್ಯಾನೇ ಬೇಡ ಅಂತ ಬಿಟ್ಟು, ಕಿಟಕಿ ದೊಡ್ಡದು ಮಾಡಿಸಿದೆವು. ಆ ಕಡೆ ಬೀಡಿ ಹಚ್ಚಬಾರದು ಅಂತ ಕಾಕಾ ಮೊದಲಿನಿಂದಲೂ ಬೈಯುತ್ತಿದ್ದರು, ಈಗ ಯಾಕೆ ಅಂತಲೂ ಹೇಳುತ್ತಾರೆ.

ಮೇ ಎರಡನೇ ವಾರ ಫ್ಯಾನುಗಳು ಬಂದವು. ಎರಡಕ್ಕೆ 22,400, ಅದರ ಮೇಲೆ 18% ಜಿಎಸ್‌ಟಿ 4,032, ಒಟ್ಟು 26,432. ಟ್ರಾನ್ಸ್‌ಪೋರ್ಟ್ 650. ಗೋಡೆಯ ತೂತು ದೊಡ್ಡದು ಮಾಡಲು ಗೌಂಡಿಗೆ 2,500. ಕೂರಿಸುವ ದಿನ ಎಲೆಕ್ಟ್ರಿಷಿಯನ್ ಬಂದರು, ಕೆಲಸ ಮುಗಿಸಿ ಏಣಿ ಇಳಿದರು. ನಾನು ಸುಮ್ನೆ ನೋಡೋಣ ಅಂತ ಏಣಿ ಹತ್ತಿದೆ. ವೈರಿನ ಡಬ್ಬಿಯ ದೊಡ್ಡ ತೂತಿನೊಳಗೆ ಚಪ್ಪಟೆ ಕೇಬಲ್ ತೂರಿಸಿ, ಸುತ್ತ ಕಪ್ಪು ಟೇಪ್ ಸುತ್ತಿದ್ದರು. ಪಕ್ಕದ ಇನ್ನೊಂದು ತೂತಿಗೆ ಡಬ್ಬದಲ್ಲಿ ಬರುವಾಗ ಇದ್ದ ತೆಳು ಪ್ಲಾಸ್ಟಿಕ್ ಬಿರಡೆ ಹಾಗೇ ಇತ್ತು.

"ಟೇಪ್ ಸುತ್ತೀನಲ್ರೀ, ಇರುವಿ ಸುದಾ ಹೋಗಂಗಿಲ್ಲ" ಅಂದರು.

ಇರುವೆ ಅಲ್ಲ, ತೊಗರಿ ಧೂಳು. 26 ಸಾವಿರ ಕೊಟ್ಟು ತಂದ ಎರಡು ಅಂಕಿ ಆ ಒಂದು ತೂತಿನಲ್ಲಿ ಸೋರಿ ಹೋಗುತ್ತಿತ್ತು. ಅಂಕಿ ಕಂಪನಿಯವರು ಕೊಡುತ್ತಾರೆ, ಅದನ್ನು ಉಳಿಸಿಕೊಳ್ಳುವುದು ಕೂರಿಸುವವನ ಕೈಯಲ್ಲಿ. ಮರುದಿನ ಗ್ಲ್ಯಾಂಡ್ ತಂದೆ, ಅಂದರೆ ಕೇಬಲ್ ಒಳಗೆ ಹೋಗುವ ತೂತನ್ನು ರಬ್ಬರಿನಿಂದ ಬಿಗಿಯಾಗಿ ಮುಚ್ಚುವ ತಿರುಪು. ಗ್ಲ್ಯಾಂಡಿಗೂ ಐಪಿ ಅಂಕಿ ಇರುತ್ತದೆ, ಎಷ್ಟು ದಪ್ಪದ ಕೇಬಲ್ ಹಿಡಿಯುತ್ತದೆ ಅಂತಲೂ ಬರೆದಿರುತ್ತದೆ. ನಮ್ಮದು 6ರಿಂದ 12 ಎಂಎಂ. ಕೇಬಲ್ ಗುಂಡಗಿರಬೇಕು, ಚಪ್ಪಟೆ ಆದರೆ ರಬ್ಬರ್ ಎರಡು ಕಡೆ ಕಚ್ಚುವುದಿಲ್ಲ. ಬೇಡವಾದ ತೂತಿಗೆ ಗಟ್ಟಿ ಬಿರಡೆ ಮತ್ತು ವಾಷರ್. ಕೇಬಲ್ಲನ್ನು ನೇರವಾಗಿ ಡಬ್ಬಿಗೆ ಇಳಿಸದೆ, ಮೊದಲು ಕೆಳಗೆ ತಂದು ಬಾಗಿಸಿ ಮೇಲಕ್ಕೆ ಒಯ್ಯಬೇಕು, ಮಳೆ ನೀರು ಬಾಗಿದ ಕಡೆ ತೊಟ್ಟಿಕ್ಕುತ್ತದೆ. ಮೋಟರಿಗೆ ನೀರು ಬಸಿಯುವ ಸಣ್ಣ ತೂತು ಇದ್ದರೆ ಅದು ಕೆಳಗಡೆಗೇ ಬರಬೇಕು. ನಮ್ಮದರಲ್ಲಿ ಒಂದು ಫ್ಯಾನನ್ನು ತಲೆಕೆಳಗಾಗಿ ಕೂರಿಸಿದ್ದರು, ಆ ತೂತು ಆಕಾಶ ನೋಡುತ್ತಿತ್ತು. ಬಿಚ್ಚಿಸಿ ತಿರುಗಿಸಿದೆ. ಡಬ್ಬಿ ಮುಚ್ಚುವಾಗ ರಬ್ಬರಿನ ಮಧ್ಯೆ ಒಂದು ಕಾಗದದ ಚೂರು ಇಟ್ಟು ಸ್ಕ್ರೂ ಬಿಗಿದು ಎಳೆದು ನೋಡಿದೆ. ಒಂದು ಮೂಲೆಯಲ್ಲಿ ಕಾಗದ ಸಲೀಸಾಗಿ ಬಂತು. ರಬ್ಬರ್ ಮಡಚಿಕೊಂಡಿತ್ತು. ಗ್ಲ್ಯಾಂಡು, ಬಿರಡೆ, ಗುಂಡು ಕೇಬಲ್ಲು ಸೇರಿ 1,140.

ಎಲ್ಲ ಸರಿಯಾಯಿತು ಅಂದುಕೊಂಡೆ. ಮೇ ಕೊನೆಯ ವಾರ ರಾತ್ರಿ ಗಾಳಿ ಮಳೆ ಬಂತು. ಕರೆಂಟ್ ಹೋಗಿತ್ತು. ಬೆಳಿಗ್ಗೆ ಶಟರ್ ಎತ್ತಿದರೆ ಫ್ಯಾನಿನ ಕೆಳಗಿನ ಗೋಡೆ ಪೂರ್ತಿ ಒದ್ದೆ, ಅಲ್ಲಿ ಒರಗಿಸಿಟ್ಟಿದ್ದ ಮೂರು ಚೀಲ ಬೇಳೆ ನೆಂದಿತ್ತು. ಕಾಕಾ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದರು. ಬೇಳೆ ಬೆರಳಿಗೆ ಅಂಟಿತು.

"ಐವತ್ತೈದು, ಐವತ್ತೈದು ಅಂತ ಎಂಟ್ ದಿನ ಕುಣದಿ. ನೀರು ಒಳಗ ಬಂತಲ್ಲೋ ತಮ್ಮಾ!"

ಮೋಟರಿಗೆ ಏನೂ ಆಗಿರಲಿಲ್ಲ. ಕರೆಂಟ್ ಬಂದ ಕೂಡಲೇ ತಿರುಗಿತು. ಆದರೆ ಆ ಐದು ಅನ್ನುವ ಅಂಕಿ ಮೋಟರಿನ ಒಳಗೆ ನೀರು ಹೋಗದಂತೆ ಮಾತ್ರ, ಕೋಣೆಯ ಒಳಗೆ ನೀರು ಬರದಂತೆ ಅಲ್ಲ. ಫ್ಯಾನು ನಿಂತಾಗ ಅದು ಗೋಡೆಯಲ್ಲಿರುವ 18 ಇಂಚಿನ ತೂತು ಅಷ್ಟೇ, ಗಾಳಿ ಎದುರಿಗೆ ಬಂದರೆ ಮಳೆ ಒಳಗೇ ಬರುತ್ತದೆ. ಎಷ್ಟೆಲ್ಲ ಓದಿದ್ದೆ, ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ಕಾಕಾ ಎರಡು ದಿನ ಮಾತಾಡಲಿಲ್ಲ ಅಂದೆನಲ್ಲ, ಅದು ಆಗ.

ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಫ್ಯಾನಿಗೂ ಹೊರಗಡೆ ಕೆಳಮುಖದ ತಗಡಿನ ಟೊಪ್ಪಿಗೆ ಮತ್ತು ಫ್ಯಾನು ನಿಂತರೆ ತಾನೇ ಬಿದ್ದು ತೂತು ಮುಚ್ಚುವ ಪಟ್ಟಿಗಳನ್ನು ಮಾಡಿಸಿದೆ, 3,600. ಗೌಂಡಿ, ಗ್ಲ್ಯಾಂಡು, ಟ್ರಾನ್ಸ್‌ಪೋರ್ಟು ಎಲ್ಲ ಸೇರಿ ಹೊಸ ಫ್ಯಾನಿನ ಖರ್ಚು 34,322ಕ್ಕೆ ನಿಂತಿತು. ಹಳೆಯ ಮೂರು ಫ್ಯಾನು ಮತ್ತು ವೈಂಡಿಂಗಿಗೆ ಹೋದ 8,850 ಬೇರೆ. ನೆನೆದ ಬೇಳೆಯ ಲೆಕ್ಕ ಕಾಕಾ ಇಟ್ಟಿದ್ದಾರೆ, ನಾನು ಕೇಳಿಲ್ಲ. ಆ ಪಟ್ಟಿಗಳಿಗೆ ಜಿಡ್ಡು ಧೂಳು ಹತ್ತಿ ಬೀಳದೆ ಸಿಕ್ಕಿಕೊಳ್ಳುತ್ತವೆ, ವಾರಕ್ಕೊಮ್ಮೆ ಒರೆಸಬೇಕು. ಮೋಟರಿನ ಮೈಯನ್ನೂ ಅದೇ ದಿನ, ಸ್ವಿಚ್ ಆರಿಸಿ, ಒಣ ಬ್ರಷ್ಷಿನಿಂದ ಗುಡಿಸುತ್ತೇವೆ. ಮೊದಲ ವಾರ ನಮ್ಮ ಹುಡುಗನೊಬ್ಬ ಲಾರಿ ತೊಳೆಯುವ ಪ್ರೆಶರ್ ಪಂಪ್ ಹಿಡಿದು ಏಣಿ ಹತ್ತಿದ್ದ. ನೀರಿಗೆ ಐದು ಅಂತ ಇದೆಯಲ್ಲ ಅಂದ. ಲ್ಯಾಬಿನಲ್ಲಿ ಎರಡೂವರೆ ಮೀಟರಿಗಿಂತ ದೂರ ನಿಂತು ಹೊಡೆಯುವ ಸಾದಾ ಪೈಪು ಅದು, ಗೇಣು ದೂರದಿಂದ ಪ್ರೆಶರ್ ಪಂಪ್ ಅಲ್ಲ ಅಂತ ಕೆಳಗಿಳಿಸಿದೆ.

ಜೂನಿನ ದೊಡ್ಡ ಮಳೆ ಮೊನ್ನೆ ಬಂತು. ಬೆಳಿಗ್ಗೆ ನನಗಿಂತ ಮುಂಚೆ ಕಾಕಾ ಬಂದಿದ್ದರು. ಗೋಡೆ ಮುಟ್ಟಿ ನೋಡಿದರು, ಒಣಗಿತ್ತು. ನಾನು ವೈರಿನ ಡಬ್ಬಿ ಬಿಚ್ಚಿ ಬೆರಳಾಡಿಸಿದೆ. ಒಳಗೆ ಬೆರಳಿಗೆ ಹತ್ತುವಷ್ಟು ಧೂಳು ಇರಲಿಲ್ಲ, ನೀರೂ ಇರಲಿಲ್ಲ.

ಹಳೆಯ ನಾಲ್ಕರಲ್ಲಿ ಸುಡದೆ ಉಳಿದದ್ದು ಒಂದು, ಖಾಲಿ ಚೀಲ ಇಡುವ ಕಡೆ ಇದ್ದದ್ದು. ಅದನ್ನು ಈಗ ಕೂಲಿಯವರ ಅಡುಗೆ ಕೋಣೆಗೆ ಹಾಕಿಸಿದ್ದೇವೆ. ಅಲ್ಲಿ ಹಬೆ ಇದೆ, ನೀರಿನ ಎರಚಲು ಇದೆ, ತೊಗರಿ ಧೂಳು ಇಲ್ಲ. ಚೆನ್ನಾಗಿ ನಡೆಯುತ್ತಿದೆ.